ಮನೆಯ ಗ್ಯಾರೇಜಿನಿಂದ ಮಾರುಕಟ್ಟೆಗೆ: ಹಾಟ್ ರಾಡ್ ಕಾರು ಕಲಿಸುವ ಉದ್ಯಮ ಪಾಠ

ಉದ್ಯಮವೊಂದು ತಲೆಯೆತ್ತಬೇಕಾದರೆ ವಿಶಾಲವಾದ ನಿವೇಶನ, ದೊಡ್ಡ ಬಂಡವಾಳ, ಬ್ಯಾಂಕಿನ ಸಾಲ, ಸಿದ್ಧವಾದ ಮಾರುಕಟ್ಟೆ ಇವೆಲ್ಲ ಮೊದಲೇ ಇರಬೇಕೆಂಬುದು ಸಾಮಾನ್ಯ ನಂಬಿಕೆ. ಆದರೆ ಇವು ಯಾವುವೂ ಇಲ್ಲದೆ ಹುಟ್ಟಿ, ಬೆಳೆದು, ಜಗತ್ತಿನಾದ್ಯಂತ ಗಿರಾಕಿಗಳನ್ನು ಸಂಪಾದಿಸಿದ ಉದ್ಯಮಗಳೂ ಇವೆ. ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯದ ದಕ್ಷಿಣ ಭಾಗದಲ್ಲಿ ಹುಟ್ಟಿದ ‘ಹಾಟ್ ರಾಡ್’ ಕಾರುಗಳ ಬಿಡಿಭಾಗ ಉದ್ಯಮವು ಇದಕ್ಕೆ ಉತ್ತಮ ನಿದರ್ಶನ.

ಹಳೆಯ ಕಾರೊಂದನ್ನು ಗುಜರಿಯಿಂದ ತಂದು, ಅದರ ಅನಗತ್ಯ ಭಾಗಗಳನ್ನು ಕಳಚಿ, ಇಂಜಿನ್ನಿನ ಶಕ್ತಿಯನ್ನು ಹೆಚ್ಚಿಸಿ, ಮನೆಯ ಗ್ಯಾರೇಜಿನಲ್ಲಿಯೇ ಮರುಜೋಡಣೆ ಮಾಡಿದ ವೇಗದ ಕಾರಿಗೆ ಹಾಟ್ ರಾಡ್ ಎಂದು ಹೆಸರು. 1930 ಮತ್ತು 1940ರ ದಶಕಗಳ ಪದ್ಧತಿಯನ್ನೇ ಅನುಸರಿಸಿ, ಆ ಕಾಲದ ಭಾಗಗಳಿಂದಲೇ ಅಥವಾ ಅವುಗಳ ಯಥಾಪ್ರತಿಗಳಿಂದ ಕಟ್ಟಿದ ಕಾರನ್ನು ‘ಸಾಂಪ್ರದಾಯಿಕ ಹಾಟ್ ರಾಡ್’ ಎನ್ನುತ್ತಾರೆ. ಮೇಲ್ನೋಟಕ್ಕೆ ಇದು ಬಿಡುವಿನ ವೇಳೆಯ ಹವ್ಯಾಸ. ಆದರೆ ಈ ಹವ್ಯಾಸದ ಬೆನ್ನಿಗೆ ಎರಕದವರು, ಲೇತ್ ಕೆಲಸದವರು, ತಗಡಿನ ಕೆಲಸದವರು, ಅಂಚೆ ಮೂಲಕ ಮಾರುವ ವ್ಯಾಪಾರಿಗಳು, ಪತ್ರಿಕಾ ಪ್ರಕಾಶಕರು ಹೀಗೆ ನೂರಾರು ಸಣ್ಣ ಉದ್ದಿಮೆದಾರರು ನಿಂತಿದ್ದಾರೆ. ಒಂದು ಕಾರು ಹೇಗೆ ಸಿದ್ಧವಾಗುತ್ತದೆ ಎಂಬುದನ್ನು ಹಂತಹಂತವಾಗಿ ನೋಡಿದರೆ, ಆ ಉದ್ದಿಮೆಗಳು ಹೇಗೆ ಹುಟ್ಟಿದವು, ಯಾವುವು ಉಳಿದವು, ಯಾವುವು ಅಳಿದವು ಎಂಬುದು ತಾನಾಗಿ ತಿಳಿಯುತ್ತದೆ.

ಫೋರ್ಡ್ ಕಾರೇ ಏಕೆ?

ಹೆನ್ರಿ ಫೋರ್ಡರ ಸಂಸ್ಥೆಯು 1908ರಿಂದ 1927ರವರೆಗೆ ಸುಮಾರು ಒಂದೂವರೆ ಕೋಟಿ ಮಾಡೆಲ್ ಟಿ ಕಾರುಗಳನ್ನೂ, ಅನಂತರ 1931ರವರೆಗೆ 48 ಲಕ್ಷಕ್ಕೂ ಮೀರಿ ಮಾಡೆಲ್ ಎ ಕಾರುಗಳನ್ನೂ ತಯಾರಿಸಿತು. ಇಷ್ಟೊಂದು ಕಾರುಗಳು ರಸ್ತೆಯ ಮೇಲಿದ್ದುದರಿಂದ ಹಳೆಯ ಕಾರು ಕಡಿಮೆ ಬೆಲೆಗೆ ಸಿಗುತ್ತಿತ್ತು. ಬಿಡಿಭಾಗಗಳು ಊರೂರಿನ ಗುಜರಿ ಅಂಗಡಿಗಳಲ್ಲಿ ದೊರೆಯುತ್ತಿದ್ದವು. 1932ರಲ್ಲಿ ಫೋರ್ಡ್ ಸಂಸ್ಥೆ ವಿ-8 ಇಂಜಿನ್ನನ್ನು ಮಾರುಕಟ್ಟೆಗೆ ತಂದಿತು. ಅದುವರೆಗೆ ಎಂಟು ಸಿಲಿಂಡರುಗಳ ವಿ-ಆಕಾರದ ಇಂಜಿನ್ ಶ್ರೀಮಂತರ ಕಾರುಗಳಲ್ಲಿ ಮಾತ್ರ ಕಂಡುಬರುತ್ತಿತ್ತು. ಎಂಟೂ ಸಿಲಿಂಡರುಗಳನ್ನು ಒಂದೇ ಎರಕದಲ್ಲಿ ಹೊಯ್ಯುವ ವಿಧಾನವನ್ನು ಸಾಧಿಸಿ ಫೋರ್ಡ್ ಅದನ್ನು ಜನಸಾಮಾನ್ಯರ ಬೆಲೆಗೆ ಇಳಿಸಿದರು. 221 ಘನ ಅಂಗುಲ, ಅಂದರೆ ಸುಮಾರು 3.6 ಲೀಟರ್ ಗಾತ್ರದ ಆ ಇಂಜಿನ್ ಮೊದಲ ವರ್ಷ 65 ಅಶ್ವಶಕ್ತಿ ನೀಡುತ್ತಿತ್ತು. ಅದರ ಕವಾಟಗಳು ಸಿಲಿಂಡರ್ ಬ್ಲಾಕಿನಲ್ಲಿಯೇ ಇದ್ದು, ಮೇಲಿನ ಹೆಡ್ ಚಪ್ಪಟೆಯಾದ ಮುಚ್ಚಳದಂತಿದ್ದುದರಿಂದ ಅದಕ್ಕೆ ‘ಫ್ಲಾಟ್‌ಹೆಡ್’ ಎಂಬ ಹೆಸರು ನಿಂತಿತು. ಅಮೆರಿಕದ ಫೋರ್ಡ್ ಕಾರುಗಳಲ್ಲಿ ಇದು 1953ರವರೆಗೆ ಮುಂದುವರಿಯಿತು.

ಲಾಸ್ ಏಂಜಲೀಸ್ ನಗರದ ಉತ್ತರಕ್ಕೆ ಮೊಹಾವೆ ಮರುಭೂಮಿಯಲ್ಲಿ ಮ್ಯುರಾಕ್, ರೋಸಮಂಡ್, ಎಲ್ ಮಿರಾಜ್ ಮುಂತಾದ ಒಣಸರೋವರಗಳಿವೆ. ಮಳೆನೀರು ಇಂಗಿ ಒಣಗಿದ ಬಳಿಕ ಆ ನೆಲ ಮೈಲಿಗಟ್ಟಲೆ ಸಮತಟ್ಟಾದ ಹರವಾಗುತ್ತದೆ. ಯುವಕರು ವಾರಾಂತ್ಯಗಳಲ್ಲಿ ಅಲ್ಲಿಗೆ ಹೋಗಿ ತಮ್ಮ ಕಾರಿನ ವೇಗವನ್ನು ಅಳೆಯಿಸಿಕೊಳ್ಳುತ್ತಿದ್ದರು. ಈ ಓಟಗಳಿಗೆ ನಿಯಮ ಮತ್ತು ಶಿಸ್ತು ತರಲು 1937ರಲ್ಲಿ ಸದರ್ನ್ ಕ್ಯಾಲಿಫೋರ್ನಿಯ ಟೈಮಿಂಗ್ ಅಸೋಸಿಯೇಷನ್ ಸ್ಥಾಪಿತವಾಯಿತು. ಮಡ್‌ಗಾರ್ಡು, ಬಂಪರು, ಗಾಳಿತಡೆಯ ಗಾಜು ಇವುಗಳನ್ನೆಲ್ಲ ಕಳಚಿ ತೂಕ ಇಳಿಸುವ ಪದ್ಧತಿ ಬೆಳೆದದ್ದು ಇಲ್ಲಿಯೇ. ಮುಂದೆ ಅದೇ ರೂಪವು ಸೌಂದರ್ಯವೆನಿಸಿತು.

ಕೆಲಸದ ಕ್ರಮ: ಚಾಸಿ ಮತ್ತು ದೇಹ

ಮನೆಯ ವರ್ಕ್‌ಶಾಪಿನಲ್ಲಿ ಕೆಲಸ ಆರಂಭವಾಗುವುದು ಚಾಸಿಯಿಂದ. 1932ರ ಫೋರ್ಡ್ ಚಾಸಿಗೆ ಹೆಚ್ಚಿನ ಬೇಡಿಕೆಯಿದೆ. ಅದರ ಎರಡು ಪಕ್ಕದ ಹಳಿಗಳ ಹೊರಮೈ ದೇಹದ ಕೆಳಗೆ ಕಾಣುವಂತೆಯೇ ರೂಪಿತವಾಗಿರುವುದರಿಂದ ಮಡ್‌ಗಾರ್ಡು ತೆಗೆದರೂ ಕಾರು ಬೋಳಾಗಿ ಕಾಣುವುದಿಲ್ಲ. ಅದರ ಚಕ್ರಾಂತರ 106 ಅಂಗುಲ. ಮಾಡೆಲ್ ಎ ಚಾಸಿ ಇದಕ್ಕಿಂತ ಹಗುರ. ಅದರ ಚಕ್ರಾಂತರ 103.5 ಅಂಗುಲ. ಹೀಗಾಗಿ ಮಾಡೆಲ್ ಎ ದೇಹವನ್ನು 1932ರ ಚಾಸಿಯ ಮೇಲೆ ಕೂರಿಸುವ ರೂಢಿಯೂ ಮೊದಲಿನಿಂದ ಇದೆ.

ಎಂಬತ್ತು ತೊಂಬತ್ತು ವರ್ಷ ಹಳೆಯ ಚಾಸಿ ನೇರವಾಗಿರುತ್ತದೆಂದು ನಂಬುವಂತಿಲ್ಲ. ಆದ್ದರಿಂದ ಅದನ್ನು ಮಟ್ಟಸವಾದ ನೆಲದ ಮೇಲೆ, ಸಮಾನ ಎತ್ತರದ ಆಧಾರಗಳ ಮೇಲಿರಿಸಿ, ಮೂಲೆಯಿಂದ ಮೂಲೆಗೆ ಎರಡೂ ಕರ್ಣಗಳನ್ನು ಅಳೆಯುತ್ತಾರೆ. ಎರಡು ಅಳತೆಗಳು ಸಮವಾಗಿದ್ದರೆ ಚಾಸಿ ಚೌಕವಾಗಿದೆ ಎಂದರ್ಥ. ಇಲ್ಲವಾದರೆ ಅದನ್ನು ಎಳೆದು ನೇರಗೊಳಿಸಿದ ಮೇಲೆಯೇ ಅಡ್ಡಪಟ್ಟಿಗಳನ್ನು ಬೆಸೆಯಬೇಕು. ಮೊದಲು ಅಲ್ಲಲ್ಲಿ ಚುಕ್ಕೆ ಬೆಸುಗೆ ಹಾಕಿ, ಮತ್ತೆ ಅಳೆದು, ಆಮೇಲೆ ಎಡಕ್ಕೂ ಬಲಕ್ಕೂ ಸರದಿಯಂತೆ ಪೂರ್ಣ ಬೆಸುಗೆ ಹಾಕುವುದು ಕ್ರಮ. ಒಂದೇ ಕಡೆ ಸತತವಾಗಿ ಬೆಸೆದರೆ ಶಾಖಕ್ಕೆ ಲೋಹ ಸೆಳೆದು ಇಡೀ ಚಾಸಿ ಸೊಟ್ಟಗಾಗುತ್ತದೆ.

ಫೋರ್ಡ್ ಕಾರಿನ ಮುಂದೆ ಮತ್ತು ಹಿಂದೆ ಎತ್ತಿನ ಬಂಡಿಯ ಅಚ್ಚಿನಂತೆ ಅಡ್ಡಲಾಗಿ ಒಂದೊಂದು ಪಟ್ಟಿ ಸ್ಪ್ರಿಂಗ್ ಇರುತ್ತದೆ. ಕಾರಿನ ಮೂತಿಯನ್ನು ತಗ್ಗಿಸಲು ಮುಂದಿನ ಆಕ್ಸಲನ್ನು ಕುಲುಮೆಯಲ್ಲಿ ಕಾಯಿಸಿ, ಎರಡು ತುದಿಗಳು ಮೇಲಕ್ಕೂ ನಡುಭಾಗ ಕೆಳಕ್ಕೂ ಬರುವಂತೆ ಬಾಗಿಸುತ್ತಾರೆ. ಆಕ್ಸಲನ್ನು ಹಿಡಿದಿರುವ ಕವಲುದಂಡ ಮೂಲದಲ್ಲಿ ಹಿಂದಕ್ಕೆ ಹೋಗಿ ನಡುವೆ ಒಂದೇ ಬಿಂದುವಿನಲ್ಲಿ ಕೂಡುತ್ತದೆ. ಹೊಸ ಇಂಜಿನ್ ಮತ್ತು ಗೇರ್‌ಬಾಕ್ಸಿಗೆ ಅದು ಅಡ್ಡ ಬಂದಾಗ ಅದನ್ನು ನಡುವೆ ಕತ್ತರಿಸಿ ಎರಡು ತುದಿಗಳನ್ನು ಚಾಸಿಯ ಎರಡು ಪಕ್ಕಗಳಿಗೆ ಜೋಡಿಸುವುದುಂಟು. ಹಾಗೆ ಮಾಡಿದಾಗ ಒಂದು ಚಕ್ರ ಗುಂಡಿಗೆ ಇಳಿದರೆ ಆಕ್ಸಲ್ ತಿರುಚುವಿಕೆಗೆ ಒಳಗಾಗುತ್ತದೆ. ಇಂಗ್ಲಿಷ್ ‘ಐ’ ಅಕ್ಷರದ ಆಕಾರದ ಮೂಲ ಫೋರ್ಡ್ ಆಕ್ಸಲ್ ಸ್ವಲ್ಪಮಟ್ಟಿಗೆ ತಿರುಚಿಕೊಂಡು ಅದನ್ನು ಸಹಿಸುತ್ತದೆ. ಕೊಳವೆಯಾಕಾರದ ಆಕ್ಸಲ್ ಹಾಗೆ ಸಹಿಸದು. ಒಂದು ಭಾಗದ ಬದಲಾವಣೆ ಬೇರೆಲ್ಲಿ ಹೊರೆ ಹೊರಿಸುತ್ತದೆ ಎಂಬ ಲೆಕ್ಕ ಗೊತ್ತಿಲ್ಲದವನು ಈ ಕೆಲಸಕ್ಕೆ ಕೈ ಹಾಕಬಾರದು ಎಂಬುದು ಅನುಭವಿಗಳ ಮಾತು.

ದೇಹದ ಕೆಲಸದಲ್ಲಿ ತುಕ್ಕು ದೊಡ್ಡ ಶತ್ರು. ತುಕ್ಕು ತಿಂದ ಕೆಳಭಾಗವನ್ನು ಕತ್ತರಿಸಿ ತೆಗೆದು, ಅದೇ ದಪ್ಪದ ಹೊಸ ತಗಡನ್ನು ಬೆಸೆದು, ಸುತ್ತಿಗೆ ಮತ್ತು ಕೈ ಅಡಿಗಲ್ಲಿನ ನಡುವೆ ತಟ್ಟಿ ನಯಗೊಳಿಸುತ್ತಾರೆ. ಮುಚ್ಚಿದ ಕಾರಿನ ಮೇಲ್ಛಾವಣಿಯನ್ನು ತಗ್ಗಿಸಬೇಕಾದರೆ ಕಂಬಗಳನ್ನು ಕತ್ತರಿಸಿ ಎರಡೋ ಮೂರೋ ಅಂಗುಲ ತೆಗೆಯಬೇಕು. ಕಂಬಗಳು ಮೇಲಕ್ಕೆ ಹೋದಂತೆ ಒಳಕ್ಕೆ ವಾಲಿರುವುದರಿಂದ ಕತ್ತರಿಸಿದ ತುದಿಗಳು ನೇರವಾಗಿ ಕೂಡುವುದಿಲ್ಲ. ಬಾಗಿಲು, ಗಾಜು, ಛಾವಣಿ ಎಲ್ಲವನ್ನೂ ಹೊಂದಿಸಬೇಕಾಗುತ್ತದೆ. ಕತ್ತರಿಸುವುದು ಒಂದು ಗಂಟೆಯ ಕೆಲಸ. ಕೂಡಿಸುವುದು ತಿಂಗಳುಗಳ ಕೆಲಸ.

ಇಂಜಿನ್: ಪರೀಕ್ಷೆ ಮೊದಲು, ಖರೀದಿ ಆಮೇಲೆ

ಹವ್ಯಾಸಿಗಳು ಹೆಚ್ಚು ಹಣ ಕಳೆದುಕೊಳ್ಳುವುದು ಇಂಜಿನ್ನಿನ ವಿಷಯದಲ್ಲಿ. ಫ್ಲಾಟ್‌ಹೆಡ್ ಇಂಜಿನ್ನಿನಲ್ಲಿ ಸುಟ್ಟ ಅನಿಲ ಸಿಲಿಂಡರ್ ಬ್ಲಾಕಿನ ಒಳಗಿನಿಂದಲೇ ಹಾದು ಹೊರಗೆ ಹೋಗಬೇಕು. ಹೀಗಾಗಿ ಬ್ಲಾಕು ಬಹಳ ಕಾಯುತ್ತದೆ. ದಶಕಗಳ ಬಳಕೆಯಲ್ಲಿ ಕವಾಟದ ಪೀಠದಿಂದ ಸಿಲಿಂಡರಿನವರೆಗೆ ಬಿರುಕು ಬಿಡುವುದು ಸಾಮಾನ್ಯ. ಆದ್ದರಿಂದ ಬ್ಲಾಕನ್ನು ಮೊದಲು ಪೂರ್ಣವಾಗಿ ಬಿಚ್ಚಿ, ನೀರಿನ ದಾರಿಗಳಲ್ಲಿ ಕೂತ ಎರಕದ ಮರಳು ಮತ್ತು ತುಕ್ಕನ್ನು ತೊಳೆಸಿ, ಕಾಂತೀಯ ವಿಧಾನದಿಂದ ಬಿರುಕು ಪರೀಕ್ಷೆ ಹಾಗೂ ನೀರಿನ ಒತ್ತಡದ ಪರೀಕ್ಷೆ ಮಾಡಿಸಬೇಕು. ಆ ಬಳಿಕ ಸಿಲಿಂಡರುಗಳ ಸವೆತ ಅಳೆದು ಎಷ್ಟು ಬೋರ್ ಮಾಡಬೇಕೆಂದು ನಿರ್ಧರಿಸಬೇಕು. ಪಿಸ್ಟನ್ನು, ಕ್ಯಾಮ್‌ಶಾಫ್ಟು, ಹೆಡ್ಡು ಇವುಗಳ ಖರೀದಿ ಕೊನೆಗೆ. ಈ ಕ್ರಮ ತಪ್ಪಿಸಿ ಆಕರ್ಷಕವಾದ ಭಾಗಗಳನ್ನು ಮೊದಲೇ ಕೊಂಡವನ ಬಳಿ, ಬ್ಲಾಕು ಬಿರುಕು ಬಿಟ್ಟಿದೆಯೆಂದು ತಿಳಿಯುವ ವೇಳೆಗೆ, ಉಪಯೋಗಕ್ಕೆ ಬಾರದ ದಾಸ್ತಾನು ಉಳಿದಿರುತ್ತದೆ. ಕಚ್ಚಾಮಾಲಿನ ಗುಣಪರೀಕ್ಷೆಗೆ ಮುನ್ನ ಯಂತ್ರೋಪಕರಣಕ್ಕೆ ಹಣ ಸುರಿದ ಉದ್ದಿಮೆದಾರನ ಸ್ಥಿತಿಗೂ ಇದಕ್ಕೂ ವ್ಯತ್ಯಾಸವಿಲ್ಲ.

ಶಕ್ತಿ ಹೆಚ್ಚಿಸುವ ಸೂತ್ರ ಸರಳ. ಮರ್ಕ್ಯುರಿ ಕಾರುಗಳ 1949ರಿಂದ 1953ರವರೆಗಿನ ಫ್ಲಾಟ್‌ಹೆಡ್ ಇಂಜಿನ್ನಿನ ಕ್ರ್ಯಾಂಕ್‌ಶಾಫ್ಟಿನ ಸ್ಟ್ರೋಕ್ 4 ಅಂಗುಲ, ಫೋರ್ಡಿನದು 3.75 ಅಂಗುಲ. ಮರ್ಕ್ಯುರಿ ಕ್ರ್ಯಾಂಕನ್ನು ಬಳಸಿ ಸಿಲಿಂಡರನ್ನು 3 ಪೂರ್ಣಾಂಕ 5/16 ಅಂಗುಲಕ್ಕೆ ಬೋರ್ ಮಾಡಿದರೆ ಇಂಜಿನ್ನಿನ ಗಾತ್ರ 276 ಘನ ಅಂಗುಲ, ಅಂದರೆ ಸುಮಾರು ನಾಲ್ಕೂವರೆ ಲೀಟರ್ ಆಗುತ್ತದೆ. ಇದಕ್ಕೆ ಹೆಚ್ಚಿನ ಸಂಕೋಚನ ಕೊಡುವ ಅಲ್ಯುಮಿನಿಯಂ ಹೆಡ್ಡು, ಕವಾಟವನ್ನು ಹೆಚ್ಚು ಹೊತ್ತು ತೆರೆದಿಡುವ ಕ್ಯಾಮ್‌ಶಾಫ್ಟು, ಎರಡು ಅಥವಾ ಮೂರು ಕಾರ್ಬ್ಯುರೇಟರುಗಳನ್ನು ಕೂರಿಸುವ ಮ್ಯಾನಿಫೋಲ್ಡು ಸೇರುತ್ತವೆ. ಮೇಲಿನ ಮೂರು ವಸ್ತುಗಳೇ ಮೂರು ಬಗೆಯ ಸಣ್ಣ ಕೈಗಾರಿಕೆಗಳಿಗೆ ಜನ್ಮ ನೀಡಿದವು.

ಗಮನಿಸಬೇಕಾದ ಸಂಗತಿಯೆಂದರೆ, ಮನೆಯ ವರ್ಕ್‌ಶಾಪಿನವನು ಎಲ್ಲವನ್ನೂ ತಾನೇ ಮಾಡುವುದಿಲ್ಲ. ಬಿಚ್ಚುವುದು, ಅಳೆಯುವುದು, ಜೋಡಿಸುವುದು, ವೈರಿಂಗ್, ಬ್ರೇಕಿನ ಕೊಳವೆ ಬಾಗಿಸುವುದು ಅವನ ಕೆಲಸ. ಬೋರಿಂಗ್, ಕ್ರ್ಯಾಂಕ್ ಗ್ರೈಂಡಿಂಗ್, ಬ್ಯಾಲೆನ್ಸಿಂಗ್, ಲೋಹಲೇಪ ಇವು ಹೊರಗಿನ ಜಾಬ್ ವರ್ಕ್ ಘಟಕಗಳಿಗೆ ಹೋಗುತ್ತವೆ. ಹವ್ಯಾಸಿಯ ಒಂದು ಕಾರು ಹತ್ತಾರು ಸಣ್ಣ ಘಟಕಗಳಿಗೆ ಕೆಲಸ ಒದಗಿಸುತ್ತದೆ.

ಜೀವದ ಪ್ರಶ್ನೆ: ಬ್ರೇಕು ಮತ್ತು ಸ್ಟೀರಿಂಗ್

ವೇಗ ಹೆಚ್ಚಿಸಿದ ಕಾರು ನಿಲ್ಲಲೂ ಬೇಕು. 1938ರವರೆಗಿನ ಫೋರ್ಡ್ ಕಾರುಗಳಲ್ಲಿ ದಂಡ ಅಥವಾ ಕೇಬಲಿನಿಂದ ಎಳೆಯುವ ಯಾಂತ್ರಿಕ ಬ್ರೇಕುಗಳಿದ್ದವು. 1939ರಲ್ಲಿ ಫೋರ್ಡ್ ಹೈಡ್ರಾಲಿಕ್ ಬ್ರೇಕನ್ನು ಅಳವಡಿಸಿಕೊಂಡಿತು. ಆ ಬ್ರೇಕುಗಳನ್ನು ಹಳೆಯ ಆಕ್ಸಲಿಗೆ ಹೆಚ್ಚಿನ ಮಾರ್ಪಾಡಿಲ್ಲದೆ ಕೂರಿಸಬಹುದಾದ್ದರಿಂದ ಹಾಟ್ ರಾಡ್ ಕಟ್ಟುವವರು ಅವನ್ನೇ ಅರಸುತ್ತಾರೆ. ಆದರೆ ಆ ಕಾಲದ ವ್ಯವಸ್ಥೆಯಲ್ಲಿ ನಾಲ್ಕೂ ಚಕ್ರಗಳಿಗೆ ಒಂದೇ ದ್ರವದ ಸಾಲು. ಒಂದು ಕಡೆ ಸೋರಿದರೆ ಬ್ರೇಕು ಪೂರ್ಣವಾಗಿ ಹೋಗುತ್ತದೆ. ಹೀಗಾಗಿ ಸಂಪ್ರದಾಯಕ್ಕೆ ಅಂಟಿಕೊಂಡವರಲ್ಲಿಯೂ ಅನೇಕರು ಈ ಒಂದು ವಿಷಯದಲ್ಲಿ ಸಂಪ್ರದಾಯ ಬಿಟ್ಟು, ಮುಂದೆ ಹಿಂದೆ ಪ್ರತ್ಯೇಕ ಸಾಲುಗಳಿರುವ ಮಾಸ್ಟರ್ ಸಿಲಿಂಡರನ್ನು ನೆಲದಡಿಯಲ್ಲಿ ಕಾಣದಂತೆ ಅಳವಡಿಸುತ್ತಾರೆ.

ಇನ್ನೊಂದು ಅಪಾಯ ಹೊಳಪಿನ ಆಸೆಯಿಂದ ಬರುತ್ತದೆ. ಸ್ಟೀರಿಂಗಿನ ಗಟ್ಟಿ ಉಕ್ಕಿನ ಭಾಗಗಳಿಗೂ ಬೋಲ್ಟುಗಳಿಗೂ ಕ್ರೋಮ್ ಲೇಪ ಮಾಡಿಸುವಾಗ ಆಮ್ಲ ಮತ್ತು ವಿದ್ಯುತ್ತಿನ ಪ್ರಕ್ರಿಯೆಯಿಂದ ಹೈಡ್ರೋಜನ್ ಲೋಹದೊಳಕ್ಕೆ ಸೇರಿ ಅದನ್ನು ಪೆಡಸಾಗಿಸುತ್ತದೆ. ಹೊರಗೆ ಕನ್ನಡಿಯಂತೆ ಹೊಳೆಯುವ ಭಾಗ ಯಾವ ಮುನ್ಸೂಚನೆಯೂ ಇಲ್ಲದೆ ಮುರಿಯಬಹುದು. ಲೇಪವಾದ ಕೂಡಲೇ ಭಟ್ಟಿಯಲ್ಲಿ ಕೆಲವು ಗಂಟೆಗಳ ಕಾಲ ಕಾಯಿಸಿ ಹೈಡ್ರೋಜನನ್ನು ಹೊರದೂಡುವುದು ಇದಕ್ಕೆ ಪರಿಹಾರ. ತಿಳಿವಳಿಕೆಯುಳ್ಳ ಲೇಪನ ಘಟಕವು ಈ ಹಂತವನ್ನು ಬಿಡುವುದಿಲ್ಲ. ಗಿರಾಕಿ ಕೇಳದಿದ್ದರೂ, ಕಣ್ಣಿಗೆ ಕಾಣದಿದ್ದರೂ ಮಾಡಬೇಕಾದ ಕೆಲಸಗಳು ಪ್ರತಿ ಕಸುಬಿನಲ್ಲಿಯೂ ಇರುತ್ತವೆ. ಘಟಕದ ಹೆಸರು ನಿಲ್ಲುವುದು ಅವುಗಳ ಮೇಲೆ.

ಎಲ್ಲ ಭಾಗಗಳೂ ಕೈಗೆ ಬಂದ ಮೇಲೆ ಕಾರನ್ನು ಬಣ್ಣವಿಲ್ಲದೆ ಒಮ್ಮೆ ಪೂರ್ಣವಾಗಿ ಜೋಡಿಸಿ ನೋಡುತ್ತಾರೆ. ರೇಡಿಯೇಟರಿಗೂ ಫ್ಯಾನಿಗೂ ಅಂತರವಿದೆಯೇ, ಸ್ಟೀರಿಂಗ್ ತಿರುಗಿಸಿದಾಗ ಚಕ್ರ ಎಲ್ಲಿಯಾದರೂ ತಾಗುತ್ತದೆಯೇ, ಪೆಡಲು ಕಾಲಿಗೆ ಸಿಗುತ್ತದೆಯೇ ಎಂಬುದೆಲ್ಲ ಆಗ ಗೊತ್ತಾಗುತ್ತದೆ. ಕೊರೆಯಬೇಕಾದ ರಂಧ್ರ, ಹಾಕಬೇಕಾದ ಬೆಸುಗೆ ಎಲ್ಲ ಮುಗಿದ ಬಳಿಕ ಮತ್ತೆ ಬಿಚ್ಚಿ, ಬಣ್ಣ ಬಳಿದು, ಕೊನೆಯ ಜೋಡಣೆ ಮಾಡುತ್ತಾರೆ. ಎರಡು ಬಾರಿ ಕಟ್ಟುವುದು ವ್ಯರ್ಥ ಶ್ರಮವೆಂದು ತೋರಬಹುದು. ಬಣ್ಣ ಬಳಿದ ಚಾಸಿಯ ಮೇಲೆ ಮತ್ತೆ ಬೆಸುಗೆ ಹಾಕಬೇಕಾಗಿ ಬಂದವರಿಗೆ ಅದರ ಬೆಲೆ ತಿಳಿದಿರುತ್ತದೆ.

ಗ್ಯಾರೇಜಿನಿಂದ ಹುಟ್ಟಿದ ಸಂಸ್ಥೆಗಳು

ಲಾಸ್ ಏಂಜಲೀಸ್ ಬಳಿಯ ಬೆಲ್ ಎಂಬ ಊರಿನಲ್ಲಿ ಜಾರ್ಜ್ ವೈಟ್ ಎಂಬವರು 1923ರಲ್ಲಿ ಬೆಲ್ ಆಟೋ ಪಾರ್ಟ್ಸ್ ಎಂಬ ಅಂಗಡಿ ತೆರೆದರು. ಹಳೆಯ ಕಾರುಗಳನ್ನು ಒಡೆದು ಮಾರುವ ವ್ಯವಹಾರದಲ್ಲಿ ರೇಸಿನ ಭಾಗಗಳಿಗೆ ವಿಶೇಷ ಬೇಡಿಕೆಯಿರುವುದನ್ನು ಅವರು ಗಮನಿಸಿದರು. ಅಂಗಡಿ ಆ ದಿಕ್ಕಿಗೆ ತಿರುಗಿತು. 1945ರಲ್ಲಿ ಅದನ್ನು ಕೊಂಡ ರಾಯ್ ರಿಕ್ಟರ್ ಅವರು 1954ರಲ್ಲಿ ಬೆಲ್ 500 ಎಂಬ ಹೆಲ್ಮೆಟ್ಟನ್ನು ಮಾರುಕಟ್ಟೆಗೆ ತಂದರು. ಇಂದು ಜಗತ್ತಿನೆಲ್ಲೆಡೆ ಮೋಟಾರು ಸೈಕಲ್ ಸವಾರರಿಗೆ ಪರಿಚಿತವಾದ ಬೆಲ್ ಹೆಲ್ಮೆಟ್ಟಿನ ಮೂಲ ಆ ಬಿಡಿಭಾಗದ ಅಂಗಡಿ.

ಕಾನ್ಸಾಸ್ ರಾಜ್ಯದಿಂದ ಕ್ಯಾಲಿಫೋರ್ನಿಯಕ್ಕೆ ವಲಸೆ ಬಂದ ವಿಕ್ ಎಡೆಲ್‌ಬ್ರಾಕ್ ಅವರು ಕಾರು ದುರಸ್ತಿ ಅಂಗಡಿ ನಡೆಸುತ್ತಿದ್ದರು. 1938ರಲ್ಲಿ 1932ರ ಫೋರ್ಡ್ ರೋಡ್‌ಸ್ಟರ್ ಕೊಂಡು, ಅದಕ್ಕಾಗಿ ಎರಡು ಕಾರ್ಬ್ಯುರೇಟರಿನ ಮ್ಯಾನಿಫೋಲ್ಡನ್ನು ತಾವೇ ರೂಪಿಸಿದರು. ‘ಸ್ಲಿಂಗ್‌ಶಾಟ್’ ಎಂದು ಹೆಸರಾದ ಅದನ್ನು ಒಣಸರೋವರದ ಓಟಗಳಲ್ಲಿ ಕಂಡವರು ತಮಗೂ ಬೇಕೆಂದರು. 1946ರಲ್ಲಿ ಅವರು ಮೊದಲ ಕೆಟಲಾಗನ್ನು ಮುದ್ರಿಸಿದರು. ಅವರು ಮಾಡಿದ್ದು ಜಾಹೀರಾತಿಗೆ ಮುಂಚೆ ಪ್ರಮಾಣ ಒದಗಿಸುವ ಕೆಲಸ: ಸ್ವಂತ ಕಾರಿನಲ್ಲಿ, ಗಡಿಯಾರದ ಎದುರು, ಗಿರಾಕಿಗಳ ಕಣ್ಣೆದುರಿಗೆ. ಸಂಸ್ಥೆ ಮುಂದೆ ಸ್ವಂತ ಅಲ್ಯುಮಿನಿಯಂ ಎರಕಶಾಲೆಯನ್ನೂ ಸ್ಥಾಪಿಸಿತು.

ಎಡ್ ಇಸ್ಕೆಂಡೇರಿಯನ್ ಅವರು ದ್ರಾಕ್ಷಿ ಬೆಳೆಯುತ್ತಿದ್ದ ಅರ್ಮೇನಿಯನ್ ವಲಸಿಗರ ಮಗ. ಯುದ್ಧ ಮುಗಿಸಿ ಬಂದಾಗ ಅವರಿಗೆ ತಮ್ಮ ಕಾರಿಗೆ ಬೇಕಾದ ಕ್ಯಾಮ್‌ಶಾಫ್ಟು ಬೇಗ ಸಿಗಲಿಲ್ಲ. ತಯಾರಕರ ಬಳಿ ಬೇಡಿಕೆ ತುಂಬಿತ್ತು. ವಿಳಂಬದಲ್ಲಿ ಅವರು ಅವಕಾಶ ಕಂಡರು. 1946ರಲ್ಲಿ ಸಾಧಾರಣ ಗ್ರೈಂಡಿಂಗ್ ಯಂತ್ರವೊಂದನ್ನು ಕೊಂಡು, ಅದನ್ನು ಕ್ಯಾಮ್ ಅರೆಯಲು ತಕ್ಕಂತೆ ಮಾರ್ಪಡಿಸಿ ಕೆಲಸ ಆರಂಭಿಸಿದರು. ಸ್ಟುವರ್ಟ್ ಹಿಲ್ಬಾರ್ನ್ ಅವರು ಇಂಧನ ಚುಚ್ಚುವ ವ್ಯವಸ್ಥೆಯನ್ನು ರೂಪಿಸಿದರು. 1948ರಲ್ಲಿ ಅವರ ಕಾರು ಒಣಸರೋವರದ ಓಟದಲ್ಲಿ ಗಂಟೆಗೆ 150 ಮೈಲಿಯ ಗಡಿ ದಾಟಿತು; ವ್ಯವಸ್ಥೆಗೆ ಬೇಡಿಕೆ ಹರಿದುಬಂತು.

ಯುದ್ಧಾನಂತರದ ಮಿಗತೆ ಸಾಮಗ್ರಿಯೂ ಈ ಉದ್ಯಮಕ್ಕೆ ಇಂಧನವಾಯಿತು. ಯುದ್ಧವಿಮಾನಗಳ ಹೆಚ್ಚುವರಿ ಪೆಟ್ರೋಲ್ ಟ್ಯಾಂಕುಗಳು ಗಾಳಿಯನ್ನು ಸೀಳುವ ಹನಿಯಾಕಾರದಲ್ಲಿದ್ದವು. 1946ರಲ್ಲಿ ಬಿಲ್ ಬರ್ಕ್ ಅಂತಹ ಟ್ಯಾಂಕನ್ನೇ ದೇಹವಾಗಿಸಿ ರೇಸಿನ ಕಾರು ಕಟ್ಟಿದರು. ಅದೇ ವರ್ಷ ಸೇನೆಯಿಂದ ಬಿಡುಗಡೆಯಾದ ಅಲೆಕ್ಸ್ ಜಿಡಿಯಸ್ ಬರ್ಬ್ಯಾಂಕಿನಲ್ಲಿ ಸೋ-ಕ್ಯಾಲ್ ಸ್ಪೀಡ್ ಶಾಪ್ ತೆರೆದರು. ಅವರ ಟ್ಯಾಂಕ್ ಕಾರು ಆ ಅಂಗಡಿಯ ಓಡುವ ಜಾಹೀರಾತಾಯಿತು.

ಪತ್ರಿಕೆ, ಸಂಘಟನೆ, ಗುಣಮಟ್ಟ

ವಸ್ತು ತಯಾರಾದರೆ ಸಾಲದು, ದೂರದ ಗಿರಾಕಿಗೆ ಅದು ತಿಳಿಯಬೇಕು. 1948ರ ಜನವರಿಯಲ್ಲಿ ರಾಬರ್ಟ್ ಪೀಟರ್ಸನ್ ‘ಹಾಟ್ ರಾಡ್’ ಮಾಸಪತ್ರಿಕೆಯನ್ನು ಆರಂಭಿಸಿದರು. ಬಿಡಿಪ್ರತಿಯ ಬೆಲೆ 25 ಸೆಂಟು. ಅದರ ಪುಟಗಳಲ್ಲಿ ಸಣ್ಣ ಜಾಹೀರಾತು ಕೊಟ್ಟ ಗ್ಯಾರೇಜು ಉದ್ದಿಮೆದಾರರಿಗೆ ದೇಶದ ಮೂಲೆಮೂಲೆಗಳಿಂದ ಅಂಚೆಯಲ್ಲಿ ಆರ್ಡರುಗಳು ಬಂದವು. ಪತ್ರಿಕೆ ತಾಂತ್ರಿಕ ವಿವರ ಕೊಟ್ಟು ಓದುಗರನ್ನು ಕಟ್ಟುಗರನ್ನಾಗಿಸಿತು, ಕಟ್ಟುಗರು ಗಿರಾಕಿಗಳಾದರು. 1949ರಲ್ಲಿ ಯೂಟಾ ರಾಜ್ಯದ ಬಾನ್‌ವಿಲ್ ಉಪ್ಪಿನ ಬಯಲಿನಲ್ಲಿ ವೇಗ ಸಪ್ತಾಹ ಆರಂಭವಾಯಿತು. 1951ರಲ್ಲಿ ವಾಲಿ ಪಾರ್ಕ್ಸ್ ಅವರ ನೇತೃತ್ವದಲ್ಲಿ ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ ಸ್ಥಾಪಿತವಾಗಿ, ಬೀದಿಯ ಅಪಾಯಕಾರಿ ಪಂದ್ಯಗಳನ್ನು ನಿಯಮಬದ್ಧ ಪಥಗಳಿಗೆ ಎಳೆತಂದಿತು.

1963ರಲ್ಲಿ ತಯಾರಕರು ಒಂದುಗೂಡಿ ‘ಸೆಮಾ’ ಎಂಬ ಸಂಘವನ್ನು ಕಟ್ಟಿದರು. ಇಸ್ಕೆಂಡೇರಿಯನ್ ಅದರ ಮೊದಲ ಅಧ್ಯಕ್ಷರು. ಪರಸ್ಪರ ಪೈಪೋಟಿಯಲ್ಲಿದ್ದವರನ್ನು ಒಂದೇ ಮೇಜಿನ ಸುತ್ತ ಕೂರಿಸಿದ್ದು ಗುಣಮಟ್ಟದ ಪ್ರಶ್ನೆ. ಅತಿವೇಗದಲ್ಲಿ ಕ್ಲಚ್ಚು, ಫ್ಲೈವೀಲು ಸಿಡಿದು ಚಾಲಕರೂ ಪ್ರೇಕ್ಷಕರೂ ಗಾಯಗೊಳ್ಳುವಂತಿದ್ದರೆ ಇಡೀ ಉದ್ಯಮದ ಮೇಲೆ ಸರ್ಕಾರದ ನಿರ್ಬಂಧ ಬರುವುದು ನಿಶ್ಚಿತವಾಗಿತ್ತು. ಸಂಘವು ಅಂತಹ ಭಾಗಗಳಿಗೆ ತಾನೇ ಪರೀಕ್ಷಾ ಮಾನದಂಡಗಳನ್ನು ರೂಪಿಸಿತು. 1978ರಲ್ಲಿ ಈ ಕಾರ್ಯಕ್ಕೆಂದೇ ಎಸ್‌ಎಫ್‌ಐ ಎಂಬ ಪ್ರತ್ಯೇಕ ಸಂಸ್ಥೆ ರೂಪುಗೊಂಡಿತು. ಸೆಮಾ ತನ್ನ ಮೊದಲ ಪ್ರದರ್ಶನವನ್ನು 1967ರಲ್ಲಿ ಲಾಸ್ ಏಂಜಲೀಸಿನ ಡಾಡ್ಜರ್ ಕ್ರೀಡಾಂಗಣದಲ್ಲಿ ನಡೆಸಿತು. 1977ರಿಂದ ಅದು ಲಾಸ್ ವೇಗಸ್ಸಿಗೆ ಸ್ಥಳಾಂತರಗೊಂಡು ಜಗತ್ತಿನ ವಾಹನ ಬಿಡಿಭಾಗ ವ್ಯಾಪಾರದ ದೊಡ್ಡ ಮೇಳಗಳಲ್ಲಿ ಒಂದಾಗಿ ಬೆಳೆದಿದೆ.

ಬದಲಾದ ಇಂಜಿನ್, ಬದಲಾಗದ ಉದ್ದಿಮೆ

1955ರಲ್ಲಿ ಷೆವರ್ಲೆ ಸಂಸ್ಥೆ ಹೊಸ ವಿ-8 ಇಂಜಿನ್ನನ್ನು ಹೊರತಂದಿತು. ಅದರ ಕವಾಟಗಳು ಹೆಡ್ಡಿನಲ್ಲಿದ್ದವು; 265 ಘನ ಅಂಗುಲದ ಆ ಇಂಜಿನ್ ಆರಂಭದಲ್ಲಿಯೇ 162 ಅಶ್ವಶಕ್ತಿ ನೀಡಿತು. ಹೆಚ್ಚು ಹಣ ಸುರಿದು ಸಿದ್ಧಪಡಿಸಿದ ಫ್ಲಾಟ್‌ಹೆಡ್ ಕೊಡುತ್ತಿದ್ದ ಶಕ್ತಿಯನ್ನು ಅದು ಕಾರ್ಖಾನೆಯಿಂದ ಹೊರಬರುವಾಗಲೇ ಕೊಡುತ್ತಿತ್ತು.

ಇಲ್ಲಿ ಉದ್ದಿಮೆದಾರರ ಭವಿಷ್ಯ ಅವರ ವಸ್ತುವಿನ ಸ್ವರೂಪದ ಮೇಲೆ ನಿಂತಿತ್ತು. ಫ್ಲಾಟ್‌ಹೆಡ್ಡಿನ ಅಲ್ಯುಮಿನಿಯಂ ಹೆಡ್ಡು ಸರಳವಾದ ಮುಚ್ಚಳ. ಮರದ ಮಾದರಿ, ಮರಳಿನ ಅಚ್ಚು, ಒಂದು ಮಿಲ್ಲಿಂಗ್ ಯಂತ್ರ ಇದ್ದರೆ ಯಾವ ಸಣ್ಣ ಎರಕಶಾಲೆಯೂ ಅದನ್ನು ತಯಾರಿಸಬಹುದಿತ್ತು. ಹೊಸ ಇಂಜಿನ್ನಿನ ಹೆಡ್ಡಿನಲ್ಲಿಯಾದರೋ ಅನಿಲದ ದಾರಿ, ನೀರಿನ ದಾರಿ, ಕವಾಟಗಳು ಎಲ್ಲ ಸೇರಿ ಎರಕದ ಕೆಲಸ ಬಹಳ ಜಟಿಲವಾಯಿತು. ಹೆಡ್ಡನ್ನೇ ನೆಚ್ಚಿಕೊಂಡಿದ್ದ ಹಲವರು ಹಿಂದುಳಿದರು. ಕ್ಯಾಮ್‌ಶಾಫ್ಟಾಗಲಿ ಮ್ಯಾನಿಫೋಲ್ಡಾಗಲಿ ಹೊಸ ಇಂಜಿನ್ನಿಗೂ ಬೇಕಾಗಿತ್ತು. ಇಸ್ಕೆಂಡೇರಿಯನ್, ಎಡೆಲ್‌ಬ್ರಾಕ್ ಮುಂತಾದವರು ತಮ್ಮ ಜ್ಞಾನವನ್ನು ಹೊಸ ಅಳತೆಗೆ ಹೊಂದಿಸಿಕೊಂಡು ಮುಂದುವರಿದರು. ಒಂದು ವಸ್ತುವನ್ನು ಮಾರುವವನಿಗೂ ಒಂದು ವಿದ್ಯೆಯನ್ನು ಬಲ್ಲವನಿಗೂ ಇರುವ ವ್ಯತ್ಯಾಸ ಇಂತಹ ಕಾಲದಲ್ಲಿ ಗೋಚರಿಸುತ್ತದೆ.

ದಶಕಗಳು ಕಳೆದ ಮೇಲೆ ಚಕ್ರ ಮತ್ತೆ ತಿರುಗಿತು. 1990ರ ದಶಕದಿಂದೀಚೆಗೆ ಹಳೆಯ ಶೈಲಿಯ ಕಾರುಗಳಿಗೆ ಮತ್ತೆ ಬೇಡಿಕೆ ಹುಟ್ಟಿತು. ಮೂಲ ಭಾಗಗಳು ವಿರಳವಾದಂತೆ ಯಥಾಪ್ರತಿಗಳಿಗೆ ಮಾರುಕಟ್ಟೆ ದೊರೆಯಿತು. ಓಹಾಯೊ ರಾಜ್ಯದ ಬ್ರೂಕ್‌ವಿಲ್ಲಿನ ಸಣ್ಣ ಸಂಸ್ಥೆಯೊಂದು ತುಕ್ಕು ಹಿಡಿದ ಭಾಗಕ್ಕೆ ಬದಲಿ ತಗಡು ತಯಾರಿಸುವುದರಿಂದ ಆರಂಭಿಸಿ, 1932ರ ರೋಡ್‌ಸ್ಟರಿನ ಪೂರ್ಣ ಉಕ್ಕಿನ ದೇಹವನ್ನೇ ತಯಾರಿಸುವ ಮಟ್ಟಕ್ಕೆ ಬೆಳೆಯಿತು. 1930ರ ದಶಕದ ಸ್ಟ್ರಾಂಬರ್ಗ್ 97 ಕಾರ್ಬ್ಯುರೇಟರು ಇಂಗ್ಲೆಂಡಿನ ಸಂಸ್ಥೆಯೊಂದರ ಪ್ರಯತ್ನದಿಂದ ಹೊಸದಾಗಿ ಸಿಗುವಂತಾಯಿತು. ಹಳೆಯ ಮಾದರಿಗಳನ್ನೂ ನಕ್ಷೆಗಳನ್ನೂ ಗುಜರಿಗೆ ಹಾಕದೆ ಜೋಪಾನ ಮಾಡಿದ್ದವರಿಗೆ ಅವು ಎರಡನೆಯ ಬಾರಿ ಲಾಭ ತಂದವು.

ಲೆಕ್ಕಪತ್ರದ ಕಹಿ ಸತ್ಯ

ಹವ್ಯಾಸಿಯ ದೃಷ್ಟಿಯಿಂದ ಈ ಕೆಲಸ ಲಾಭದಾಯಕವಲ್ಲ. ಬಿಡಿಭಾಗಗಳ ಮತ್ತು ಹೊರಗಿನ ಕೆಲಸದ ವೆಚ್ಚವನ್ನು ಕೂಡಿಸಿದರೆ, ಸಿದ್ಧವಾದ ಕಾರಿನ ಮಾರಾಟ ಬೆಲೆ ಅದಕ್ಕಿಂತ ಕಡಿಮೆಯಾಗುವುದೇ ಹೆಚ್ಚು. ಸ್ವಂತ ಶ್ರಮದ ಕೂಲಿಯನ್ನು ಯಾರೂ ಹಿಡಿಯುವುದಿಲ್ಲ. ಅರ್ಧಕ್ಕೆ ನಿಂತ ಕಾರುಗಳು ಮಾರಾಟಕ್ಕೆ ಬರುವುದು ಸಾಮಾನ್ಯ ನೋಟ. ಅವುಗಳನ್ನು ಕೊಳ್ಳುವವನು ಮೊದಲಿನವನ ನಷ್ಟದಿಂದ ಲಾಭ ಪಡೆಯುತ್ತಾನೆ. ಆದ್ದರಿಂದ ಅನುಭವಿಗಳು ಮೂರು ಶಿಸ್ತುಗಳನ್ನು ಬೋಧಿಸುತ್ತಾರೆ: ಕಾರಿನ ಅಂತಿಮ ರೂಪವನ್ನು ಮೊದಲೇ ಕಾಗದದ ಮೇಲೆ ನಿರ್ಧರಿಸುವುದು, ನಡುವೆ ಮನಸ್ಸು ಬದಲಾಯಿಸದಿರುವುದು, ಕೊಂಡ ಪ್ರತಿ ವಸ್ತುವಿಗೂ ಲೆಕ್ಕ ಬರೆಯುವುದು. ಖಚಿತ ಲಾಭ ಸಿಕ್ಕಿದ್ದು ಕಾರು ಕಟ್ಟಿದವರಿಗಿಂತ, ಕಟ್ಟುವವರಿಗೆ ಬೇಕಾದ್ದನ್ನು ಒದಗಿಸಿದವರಿಗೆ.

ಕಾನೂನಿನ ಮಿತಿಯೂ ಇದೆ. ಹೊಗೆ ನಿಯಂತ್ರಣದ ಕಟ್ಟುನಿಟ್ಟಿಗೆ ಹೆಸರಾದ ಕ್ಯಾಲಿಫೋರ್ನಿಯ ರಾಜ್ಯವು ವಿಶೇಷವಾಗಿ ಕಟ್ಟಿದ ವಾಹನಗಳಿಗೆ, ದೇಹ ಅಥವಾ ಇಂಜಿನ್ ಹೋಲುವ ವರ್ಷದ ನಿಯಮವನ್ನೇ ಅನ್ವಯಿಸುವ ರಿಯಾಯಿತಿಯನ್ನು 2002ರಿಂದ ವರ್ಷಕ್ಕೆ 500 ವಾಹನಗಳಿಗೆ ಮಾತ್ರ ನೀಡಿತು. ಭಾರತದಲ್ಲಿ ಪರಿಸ್ಥಿತಿ ಇನ್ನೂ ಬಿಗಿಯಾಗಿದೆ. ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನಂತೆ, ತಯಾರಕರು ಮೂಲತಃ ನಿಗದಿಪಡಿಸಿದ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲವೆಂದು ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಸ್ಪಷ್ಟಪಡಿಸಿತು. 2021ರಲ್ಲಿ ಪ್ರಕಟವಾದ ವಿಂಟೇಜ್ ವಾಹನಗಳ ನಿಯಮಗಳು ಐವತ್ತು ವರ್ಷ ಮೀರಿದ ವಾಹನಗಳಿಗೆ ಪ್ರತ್ಯೇಕ ನೋಂದಣಿ ಒದಗಿಸಿದರೂ, ಚಾಸಿ, ದೇಹ, ಇಂಜಿನ್ನುಗಳಲ್ಲಿ ಗಣನೀಯ ಮಾರ್ಪಾಡು ಆಗಿರಬಾರದೆಂಬ ಷರತ್ತನ್ನು ವಿಧಿಸಿವೆ. ಹೀಗಾಗಿ ಹಾಟ್ ರಾಡ್ ಕಟ್ಟಿ ರಸ್ತೆಗಿಳಿಸುವ ಮಾತು ಇಲ್ಲಿ ಸಲ್ಲದು.

ಆದರೆ ಈ ಕಥೆಯ ಸಾರ ಕರ್ನಾಟಕದ ಸಣ್ಣ ಉದ್ದಿಮೆದಾರರಿಗೆ ದೂರದ್ದಲ್ಲ. ಬೆಳಗಾವಿಯ ಎರಕಶಾಲೆಗಳಲ್ಲಿ, ಶಿವಮೊಗ್ಗದ ಫೌಂಡ್ರಿಗಳಲ್ಲಿ, ಪೀಣ್ಯದ ಯಂತ್ರಘಟಕಗಳಲ್ಲಿ ಇದೇ ವಿದ್ಯೆಗಳು ದಿನನಿತ್ಯ ನಡೆಯುತ್ತಿವೆ: ಮಾದರಿ ಮಾಡುವುದು, ಎರಕ ಹೊಯ್ಯುವುದು, ಅರೆಯುವುದು, ಅಳೆಯುವುದು. ವಿದ್ಯುತ್ ವಾಹನಗಳ ಆಗಮನದಿಂದ ಪಿಸ್ಟನ್ನು, ಕ್ಯಾಮ್‌ಶಾಫ್ಟು, ಕ್ರ್ಯಾಂಕ್‌ಶಾಫ್ಟುಗಳನ್ನೇ ನೆಚ್ಚಿದ ಘಟಕಗಳ ಮುಂದೆ 1955ರ ಪ್ರಶ್ನೆಯೇ ಹೊಸ ರೂಪದಲ್ಲಿ ಬಂದು ನಿಂತಿದೆ. ಅಂದು ಉಳಿದವರು ತಮ್ಮ ವಸ್ತುವನ್ನು ಬಿಟ್ಟರು, ವಿದ್ಯೆಯನ್ನು ಬಿಡಲಿಲ್ಲ. ಗುಣಮಟ್ಟಕ್ಕೆ ಸಂಘಟಿತರಾಗಿ ಮಾನದಂಡ ಕಟ್ಟಿಕೊಂಡರು. ಸರ್ಕಾರದ ನಿರ್ಬಂಧ ಬರುವವರೆಗೆ ಕಾಯಲಿಲ್ಲ. ತಾವು ತಯಾರಿಸಿದ್ದನ್ನು ಗಿರಾಕಿಯ ಎದುರಿನಲ್ಲಿ ಓಡಿಸಿ ತೋರಿಸಿದರು. ತಮ್ಮ ಘಟಕ ನಿಜವಾಗಿ ಬಲ್ಲ ವಿದ್ಯೆ ಯಾವುದು, ಆ ವಿದ್ಯೆಗೆ ಇಂಜಿನ್ನಿನ ಹೊರಗೆ ಗಿರಾಕಿ ಯಾರು ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಹುಡುಕುವ ಕೆಲಸವನ್ನು, ಆರ್ಡರು ಪುಸ್ತಕ ತುಂಬಿರುವಾಗಲೇ ಆರಂಭಿಸುವುದು ಜಾಣತನ.